ಪದ ಪರಿಚಯ: ಎಂಆರ್ ಕಂಡಿಷನಲ್

ದೊಡ್ಡಪ್ಪನಿಗೆ ಪೇಸ್‌ಮೇಕರ್ ಹಾಕಿದಾಗ ಆಸ್ಪತ್ರೆಯವರು ಒಂದು ಪುಟ್ಟ ಕಾರ್ಡ್ ಕೊಟ್ಟಿದ್ದರು. ಎರಡು ವರ್ಷ ಅದು ಔಷಧದ ಬಿಲ್ಲುಗಳ ನಡುವೆ ಬಿದ್ದಿತ್ತು. ಬೆನ್ನುನೋವಿಗೆ ಎಂಆರ್‌ಐ ಬರೆದುಕೊಟ್ಟಾಗಲೇ ನಾವು ಅದನ್ನು ಹುಡುಕಿದ್ದು. ಕಾರ್ಡಿನ ಮೂಲೆಯಲ್ಲಿ ಹಳದಿ ತ್ರಿಕೋನ, ಅದರೊಳಗೆ ಇಂಗ್ಲಿಷಿನಲ್ಲಿ ಎಂಆರ್ ಎಂಬ ಎರಡಕ್ಷರ. ‘ಎಂಆರ್ ಕಂಡಿಷನಲ್’ ಎಂಬುದರ ಗುರುತು ಅದು. ಷರತ್ತುಗಳನ್ನು ಪಾಲಿಸಿದರೆ ಮಾತ್ರ ಈ ಸಾಧನ ಎಂಆರ್‌ಐ ಕೋಣೆಯೊಳಗೆ ಸುರಕ್ಷಿತ ಎಂದರ್ಥ. ಹಸಿರು ಚೌಕವಿದ್ದರೆ ನಿರಪಾಯಕಾರಿ. ಕೆಂಪು ವೃತ್ತಕ್ಕೆ ಅಡ್ಡಗೆರೆ ಎಳೆದಿದ್ದರೆ ಒಳಗೆ ಒಯ್ಯಲೇಬಾರದು.

ಇಷ್ಟೊಂದು ಕಟ್ಟುನಿಟ್ಟು ಏಕೆಂದರೆ ಆ ಯಂತ್ರದ ಅಯಸ್ಕಾಂತ ಸದಾ ಎಚ್ಚರವಾಗಿರುತ್ತದೆ. ದ್ರವ ಹೀಲಿಯಂನಲ್ಲಿ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ಗೆ ತಂಪಾದ ಸುರುಳಿಯಲ್ಲಿ ವಿದ್ಯುತ್ ತಡೆಯಿಲ್ಲದೆ ಸುತ್ತುತ್ತಲೇ ಇರುತ್ತದೆ. ಊರಿನ ಕರೆಂಟ್ ಹೋದರೂ ಅದರ ಸೆಳೆತ ನಿಲ್ಲುವುದಿಲ್ಲ. ಅಯಸ್ಕಾಂತದ ಬಲವನ್ನು ಟೆಸ್ಲಾ ಎಂಬ ಮಾನದಲ್ಲಿ ಅಳೆಯುತ್ತಾರೆ. 1.5 ಟೆಸ್ಲಾ ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30 ಸಾವಿರ ಪಟ್ಟು. 2018ರ ಜನವರಿಯಲ್ಲಿ ಮುಂಬಯಿಯ ನಾಯರ್ ಆಸ್ಪತ್ರೆಯಲ್ಲಿ ರೋಗಿಯ ಸಂಬಂಧಿಕರೊಬ್ಬರು ಆಮ್ಲಜನಕದ ಸಿಲಿಂಡರ್ ಹಿಡಿದು ಒಳಗೆ ಹೋದರು. ಸಿಲಿಂಡರಿನ ಸಮೇತ ಯಂತ್ರದೆಡೆಗೆ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡರು. ‘ಸ್ಕ್ಯಾನ್ ನಡೆಯುತ್ತಿಲ್ಲ, ಹೋಗಬಹುದು’ ಎಂಬ ಮಾತನ್ನು ಯಾರು ಹೇಳಿದರೂ ನಂಬಬೇಡಿ.

ಮೈಮೇಲಿನದನ್ನು ಕಳಚುವುದು ನಮ್ಮ ಮನೆಗಳಲ್ಲಿ ಅಷ್ಟು ಸುಲಭವಲ್ಲ. ಬಟ್ಟೆಯೊಳಗಿನ ಉಡಿದಾರ, ತೋಳಿನ ತಾಯಿತ, ವರ್ಷಗಟ್ಟಲೆ ತೆಗೆಯದ ಕಾಲುಂಗುರ, ಸೆರಗಿನ ಪಿನ್ನು ನೆನಪಿಗೇ ಬರುವುದಿಲ್ಲ. ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ, ನಿಜ. ಆದರೆ ಯಂತ್ರದ ರೇಡಿಯೊ ತರಂಗಗಳಿಗೆ ಲೋಹ ಕಾದು ಚರ್ಮ ಸುಡಬಹುದು. ಕೊಂಡಿಯಲ್ಲಿ ಬೇರೆ ಲೋಹ ಬೆರೆತಿರಲೂಬಹುದು. ಮಾಂಗಲ್ಯ ತೆಗೆಯಲು ಮನಸ್ಸು ಒಪ್ಪದಿದ್ದರೆ ಅಷ್ಟು ಹೊತ್ತಿಗೆ ಅರಿಶಿನದ ಕೊಂಬು ಕಟ್ಟಿದ ಹತ್ತಿಯ ದಾರ ಹಾಕಿಕೊಳ್ಳಬಹುದು. ನಮ್ಮ ಅತ್ತೆ ಹಾಗೆಯೇ ಮಾಡಿದರು. ಅವರ ಸಂಕೋಚವನ್ನು ಯಾರೂ ಹಗುರವಾಗಿ ಕಾಣಲಿಲ್ಲ ಎಂಬುದು ನನಗೆ ಈಗಲೂ ಸಮಾಧಾನ.

ಕಣ್ಣಿಗೆ ಕಾಣದ ಲೋಹವನ್ನು ಬಾಯಿಬಿಟ್ಟು ಹೇಳಲೇಬೇಕು. ಲೇತ್ ಅಥವಾ ವೆಲ್ಡಿಂಗ್ ಕೆಲಸ ಮಾಡಿದವರ ಕಣ್ಣಿಗೆ ಎಂದೋ ಸಿಡಿದ ಕಬ್ಬಿಣದ ಚೂರು ಅಲ್ಲೇ ಉಳಿದಿದ್ದರೆ ಅದು ಸರಿದು ದೃಷ್ಟಿಯನ್ನೇ ಕಸಿಯಬಹುದು. ಮಿದುಳಿನ ರಕ್ತನಾಳಕ್ಕೆ ಹಾಕಿದ ಹಳೆಯ ಕ್ಲಿಪ್, ಕೇಳಿಸಲೆಂದು ಕಿವಿಯೊಳಗೆ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್, ಲೋಹವಲ್ಲದಿದ್ದರೂ ಗರ್ಭ, ಮೂತ್ರಪಿಂಡದ ತೊಂದರೆ ಇವನ್ನೂ ಮುಂಚೆಯೇ ತಿಳಿಸಬೇಕು.

ಇನ್ನು ಷರತ್ತುಗಳ ಮಾತು. 1.5 ಟೆಸ್ಲಾಕ್ಕೆ ಒಪ್ಪಿಗೆಯಿರುವ ಸಾಧನಕ್ಕೆ 3 ಟೆಸ್ಲಾ ಯಂತ್ರವೂ ಆದೀತು ಎಂದುಕೊಳ್ಳುವಂತಿಲ್ಲ. ಪೇಸ್‌ಮೇಕರ್ ಒಂದಕ್ಕೇ ಅಲ್ಲ, ಅದರಿಂದ ಹೃದಯಕ್ಕೆ ಹೋಗುವ ತಂತಿಗಳಿಗೂ ಒಪ್ಪಿಗೆ ಇರಬೇಕು. ದೊಡ್ಡಪ್ಪನ ಕಾರ್ಡನ್ನು ತಂತ್ರಜ್ಞೆ ಎರಡು ಸಲ ಓದಿ, ಹೃದ್ರೋಗ ವಿಭಾಗಕ್ಕೆ ಫೋನ್ ಮಾಡಿದರು. ಆ ವಿಭಾಗದವರು ಬಂದು ಪೇಸ್‌ಮೇಕರನ್ನು ಎಂಆರ್‌ಐ ಮೋಡ್‌ಗೆ ಬದಲಿಸಿದರು. ಸ್ಕ್ಯಾನ್ ಮುಗಿದ ಮೇಲೆ ಅದನ್ನು ಮೊದಲಿನಂತೆ ಮಾಡಿಸಿಕೊಂಡೇ ನಾವು ಮನೆಗೆ ಹೊರಟೆವು. ಕಾರ್ಡ್ ಈಗ ದೊಡ್ಡಪ್ಪನ ಕಿಸೆಯಲ್ಲಿದೆ.