ಕೆಮ್ಮಿದರೆ ಸೋರುತ್ತದೆ, ಯಾವ ಡಾಕ್ಟರಿಗೆ ತೋರಿಸಲಿ?

ಪ್ರಶ್ನೆ: ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಮಗನ ಮನೆಯಲ್ಲಿದ್ದೇನೆ, ವಯಸ್ಸು 61. ಕೆಮ್ಮಿದರೆ, ನೀರಿನ ಬಾಲ್ದಿ ಎತ್ತಿದರೆ ಮೂತ್ರ ಹನಿಯುತ್ತದೆ. ಈಚೆಗೆ ಟಾಯ್ಲೆಟ್ ತಲುಪುವಷ್ಟರಲ್ಲೇ ಸೀರೆ ಒದ್ದೆ. ಮರಾಠಿ ಅಷ್ಟಾಗಿ ಬರುವುದಿಲ್ಲ, ಮಗನೆದುರು ಹೇಳಲು ನಾಚಿಕೆ. ಯಾರಿಗೆ ತೋರಿಸಲಿ? ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಲ್ಲವೇ?

ಉತ್ತರ: ವಯಸ್ಸಾದವರಲ್ಲಿ ಹೆಚ್ಚು ಕಾಣುತ್ತದೆ ನಿಜ. ಹಾಗೆಂದು ಸಹಿಸಿಕೊಂಡೇ ಇರಬೇಕಾಗಿಲ್ಲ ಅಮ್ಮಾ, ಇದಕ್ಕೆ ಚಿಕಿತ್ಸೆ ಇದೆ. ಮೊದಲು ನಿಮ್ಮ ಫ್ಯಾಮಿಲಿ ಡಾಕ್ಟರಲ್ಲೇ ಮೂತ್ರ ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ. ಸೋಂಕಿದ್ದರೆ, ಸಕ್ಕರೆ ಏರಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ಹೆಂಗಸರು ಸ್ತ್ರೀರೋಗ ತಜ್ಞರನ್ನೋ ಮೂತ್ರದ ತೊಂದರೆ ನೋಡುವ ಯುರಾಲಜಿಸ್ಟರನ್ನೋ ಕಾಣಬಹುದು. ಗಂಡಸರು ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಯನ್ನು ಸಹ ನೋಡಿಸಬೇಕಾದ್ದರಿಂದ ಯುರಾಲಜಿಸ್ಟರನ್ನೇ ಕಾಣುವುದು ಸರಿ. ಖಾಸಗಿ ಖರ್ಚು ಭಾರವೆನಿಸಿದರೆ ಮುಂಬಯಿಯಲ್ಲಿ ಪರೇಲಿನ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಿವೆ. ಪುಣೆಯಲ್ಲಿ ಸಸೂನ್, ಗೋವೆಯಲ್ಲಿ ಬಾಂಬೋಳಿಯ ಮೆಡಿಕಲ್ ಕಾಲೇಜು. ಓಪಿಡಿ ಬೆಳಗಿನದು, ಕೇಸ್ ಪೇಪರಿನ ಸಾಲು ಉದ್ದ, ಬೇಗ ಹೋಗಿ.

ನೀವು ಬರೆದದ್ದರಲ್ಲಿ ಎರಡು ತೊಂದರೆಗಳಿವೆ. ಕೆಮ್ಮಿದಾಗ, ಭಾರ ಎತ್ತಿದಾಗ ಹನಿಯುವುದು ಮೂತ್ರನಾಳವನ್ನು ಹಿಡಿದಿಡುವ ತಳದ ಸ್ನಾಯು ಸಡಿಲವಾದದ್ದರಿಂದ. ಹೆರಿಗೆ, ಮುಟ್ಟು ನಿಲ್ಲುವುದು, ಹಳೆಯ ಕೆಮ್ಮು, ಬೊಜ್ಜು ಇದಕ್ಕೆ ಕಾರಣ. ಟಾಯ್ಲೆಟ್ ತಲುಪುವ ಮೊದಲೇ ಹೋಗುವುದು ಮೂತ್ರಕೋಶ ತುಂಬುವ ಮುಂಚೆಯೇ ಹಿಂಡಿಕೊಳ್ಳುವುದರಿಂದ. ಎರಡಕ್ಕೂ ಮದ್ದು ಬೇರೆ. ಯಾವುದು ಎಷ್ಟು ಎಂದು ಡಾಕ್ಟರಿಗೆ ತಿಳಿಯಬೇಕು, ಅದಕ್ಕೆ ನಿಮ್ಮ ನಾಲಿಗೆಗಿಂತ ಒಂದು ನೋಟ್‌ಬುಕ್ ಹೆಚ್ಚು ಸಹಾಯ ಮಾಡುತ್ತದೆ.

ಹಳೆಯ ಪ್ಲಾಸ್ಟಿಕ್ ಮಗ್ಗು ಒಂದನ್ನು ಇದಕ್ಕೇ ಮೀಸಲಿಡಿ. ಮಗುವಿನ ಹಾಲಿನ ಬಾಟಲಿಯಲ್ಲಿ 100 ಎಂಎಲ್ ನೀರು ಅಳೆದು ಸುರಿಯುತ್ತ, ಪ್ರತಿ ಸಲವೂ ಮಾರ್ಕರಿನಿಂದ ಗೆರೆ ಎಳೆಯಿರಿ. ಮೂರು ದಿನ, ಹಗಲೂ ರಾತ್ರಿ, ಕುಡಿದದ್ದು ಹೋದದ್ದು ಎರಡನ್ನೂ ಎಂಎಲ್ ಲೆಕ್ಕದಲ್ಲಿ ಬರೆಯಿರಿ. ಹೀಗೆ:

6.10 – ಚಹಾ, 150
6.45 – ಮೂತ್ರ, 350
9.20 – ಅವಸರ, 80, ಬಾಗಿಲಲ್ಲೇ ಸೋರಿತು
11.00 – ಬಾಲ್ದಿ ಎತ್ತಿದಾಗ ನಾಲ್ಕು ಹನಿ

ಇಂಥ ನಾಲ್ಕು ಸಾಲು ನೋಡಿದರೆ ಅನುಭವಸ್ಥ ಡಾಕ್ಟರಿಗೆ ಅರ್ಧ ವಿಷಯ ತಿಳಿಯುತ್ತದೆ. ಪದೇಪದೇ 80, 100 ಎಂದಿದ್ದರೆ ಹಿಂಡುವ ಮೂತ್ರಕೋಶ. ಮೂತ್ರ ದಿನಕ್ಕೆ 3 ಲೀಟರ್ ದಾಟಿದರೆ ಸಕ್ಕರೆ, ಇಲ್ಲವೇ ಅತಿಯಾಗಿ ನೀರು ಕುಡಿಯುವುದು. ರಾತ್ರಿಯೇ ಹೆಚ್ಚು ಹೋಗುತ್ತಿದ್ದರೆ ಕಾಲಿನ ಬಾವು, ಹೃದಯ, ನಿದ್ರೆ ಇವುಗಳ ಕಡೆ ನೋಡಬೇಕಾಗುತ್ತದೆ. ನುಂಗುವ ಮಾತ್ರೆಗಳ ಪಟ್ಟಿಯನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಿಪಿಗೆ ಕೊಡುವ, ನೀರು ಇಳಿಸುವ ಮಾತ್ರೆಯ ಹೊತ್ತು ಬದಲಿಸಿದರೇ ಕೆಲವರಿಗೆ ರಾತ್ರಿ ಏಳುವುದು ಕಡಿಮೆಯಾಗುತ್ತದೆ, ಆದರೆ ಡಾಕ್ಟರನ್ನು ಕೇಳದೆ ಬದಲಿಸಬೇಡಿ.

ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ಹೊಟ್ಟೆಯ ಸೋನೋಗ್ರಫಿ ಮಾಡುತ್ತಾರೆ, ಮೂತ್ರ ಮಾಡಿ ಬಂದ ಮೇಲೆ ಇನ್ನೊಮ್ಮೆ. 50 ಎಂಎಲ್‌ಗಿಂತ ಕಡಿಮೆ ಉಳಿದಿದ್ದರೆ ಚಿಂತೆಯಿಲ್ಲ. 200 ದಾಟಿದರೆ ಮೂತ್ರಕೋಶ ಸರಿಯಾಗಿ ಖಾಲಿಯಾಗುತ್ತಿಲ್ಲ, ತುಂಬಿ ಚೆಲ್ಲುತ್ತಿರಬಹುದು. ಒಳಪರೀಕ್ಷೆಯೂ ಇರುತ್ತದೆ. ಮಹಿಳಾ ಡಾಕ್ಟರ್ ಬೇಕೆಂದೋ, ಸಿಸ್ಟರ್ ಒಬ್ಬರು ಜೊತೆಗಿರಲೆಂದೋ ಕೇಳಲು ಸಂಕೋಚ ಬೇಡ. ಮಗನನ್ನು ಹೊರಗೆ ಕೂರಿಸಿ ಎನ್ನುವುದೂ ನಿಮ್ಮ ಹಕ್ಕು.

ಮೊದಲ ಚಿಕಿತ್ಸೆ ಆಪರೇಷನ್ ಅಲ್ಲ, ವ್ಯಾಯಾಮ. ವಾಯು ಹೊರಹೋಗದಂತೆ ತಡೆಯುವಾಗ ಒಳಗೆ ಯಾವುದು ಮೇಲಕ್ಕೆ ಸೆಳೆಯುತ್ತದೋ ಅದೇ ಸ್ನಾಯು. ಉಸಿರು ಕಟ್ಟದೆ, ಹೊಟ್ಟೆ ಬಿಗಿಯದೆ 8 ಸಲ ಸೆಳೆದು, ಸಡಿಲ ಬಿಡಿ; ದಿನಕ್ಕೆ ಮೂರು ಹೊತ್ತು, ಕನಿಷ್ಠ 3 ತಿಂಗಳು. ಬಹಳ ಮಂದಿ ಮೇಲೆ ಸೆಳೆಯುವ ಬದಲು ಕೆಳಕ್ಕೆ ತಿಣುಕುತ್ತಾರೆ, ಅದರಿಂದ ಸೋರುವುದು ಹೆಚ್ಚುತ್ತದೆ. ಅದಕ್ಕೇ ಈ ವಿಷಯ ತಿಳಿದ ಫಿಸಿಯೋಥೆರಪಿಸ್ಟರಲ್ಲಿ ಒಮ್ಮೆಯಾದರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅವಸರ ಬಂದಾಗ ಓಡಬೇಡಿ. ನಿಂತಲ್ಲೇ ನಿಂತು ಐದಾರು ಸಲ ಬೇಗಬೇಗ ಸೆಳೆಯಿರಿ, ಅಲೆ ಇಳಿದ ಮೇಲೆ ನಿಧಾನವಾಗಿ ನಡೆಯಿರಿ. ಇದರಿಂದಲೂ ತಗ್ಗದಿದ್ದರೆ ಮಾತ್ರೆ, ಕಡೆಗೆ ಆಪರೇಷನ್. ಆ ಮಾತ್ರೆಗಳಲ್ಲಿ ಕೆಲವು ಬಾಯಿ ಒಣಗಿಸುತ್ತವೆ, ವಯಸ್ಸಾದವರಿಗೆ ಮಂಕು ಕವಿಸಬಹುದು. ಹಾಗಾದರೆ ತಡಮಾಡದೆ ಹೇಳಿ.

ಲೋಕಲ್ ರೈಲು ಹತ್ತುವ ದಿನ ಬೆಳಗಿನಿಂದ ನೀರೇ ಮುಟ್ಟದ ಹೆಂಗಸರು ಮುಂಬಯಿಯಲ್ಲಿ ಎಷ್ಟೋ. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿಯುತ್ತದೆ, ಮಲ ಕಟ್ಟಿ ಮೂತ್ರಕೋಶವನ್ನು ಒತ್ತುತ್ತದೆ. ಡಾಕ್ಟರು ಬೇಡವೆಂದಿಲ್ಲದಿದ್ದರೆ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ಬೇಕು. ಚಹಾ, ಕಾಫಿ ತಗ್ಗಿಸಿ.

ಮಲವೂ ತಡೆಯದವರು ಇನ್ನಷ್ಟು ಮೌನವಾಗಿರುತ್ತಾರೆ. ಅವರು ಕಾಣಬೇಕಾದದ್ದು ಹೊಟ್ಟೆ, ಕರುಳು ನೋಡುವ ಗ್ಯಾಸ್ಟ್ರೋಎಂಟರಾಲಜಿಸ್ಟ್ ಅಥವಾ ಗುದದ ತೊಂದರೆ ನೋಡುವ ಸರ್ಜನ್. ಒಂದು ಎಚ್ಚರಿಕೆ: ಹಿರಿಯರಲ್ಲಿ ಗಟ್ಟಿ ಮಲ ಒಳಗೆ ಸಿಕ್ಕಿಕೊಂಡು, ಅದರ ಪಕ್ಕದಿಂದ ನೀರುನೀರಾಗಿ ಸೋರುವುದುಂಟು. ಮನೆಯವರು ಭೇದಿ ಎಂದುಕೊಂಡು ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಇನ್ನೂ ಕಟ್ಟುತ್ತದೆ. ಬೆರಳು ಹಾಕಿ ನೋಡುವ ಪರೀಕ್ಷೆಯಿಂದ ಇದು ಹೆಚ್ಚಾಗಿ ಪತ್ತೆಯಾಗುತ್ತದೆ.

ಮೂತ್ರದಲ್ಲಿ ರಕ್ತ ಕಂಡರೆ ವಾರಗಟ್ಟಲೆ ಕಾಯಬೇಡಿ. ಬೆನ್ನುನೋವಿನ ಜೊತೆ ಕಾಲು ಸೋತು, ಕೂರುವ ಜಾಗ ಜೋಮು ಹಿಡಿದು, ಮೂತ್ರ ಕಟ್ಟಿದರೆ ಅಥವಾ ತಿಳಿಯದೇ ಹೋದರೆ ಅದೇ ಗಳಿಗೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ (ಕ್ಯಾಶುವಾಲ್ಟಿ) ಹೋಗಿ.

ಮರಾಠಿಯ ಮಾತಿಗೆ ಬಂದರೆ, ಎರಡು ವಾಕ್ಯ ಸಾಕು: "ಖೋಕಲ್ಯಾವರ್ ಲಘವೀ ಹೋತೆ", ಕೆಮ್ಮಿದರೆ ಮೂತ್ರ ಹೋಗುತ್ತದೆ. "ಲಘವೀ ಥಾಂಬವತಾ ಯೇತ್ ನಾಹೀ", ತಡೆಯಲಾಗುವುದಿಲ್ಲ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಕನ್ನಡದಲ್ಲೇ ಬರೆದುಕೊಂಡು ಓದಿ ಹೇಳಿ. ಮೂರು ದಿನದ ಲೆಕ್ಕದಲ್ಲಿ ಅಂಕಿಗಳನ್ನು ಡಾಕ್ಟರಿಗೂ ಓದಲು ಬರುವಂತೆ 1, 2, 3 ಎಂದೇ ಬರೆಯಿರಿ, ಸೋರಿದ ಕಡೆ ಒಂದು ನಕ್ಷತ್ರ ಹಾಕಿ.