ಸಿಲಬಸ್ ಬಿಡಿ, ಪ್ರಶ್ನೆಪತ್ರಿಕೆ ನೋಡಿ

ಹದಿನೇಳು-ಹದಿನೆಂಟರ ಮಕ್ಕಳಿಗೆ ಯಾವ ದೇಶದಲ್ಲಿ ಗಣಿತ ಚೆನ್ನಾಗಿ ಕಲಿಸುತ್ತಾರೆ ಅಂತ ಕೇಳುವವರು ಸಾಮಾನ್ಯವಾಗಿ ಸಿಲಬಸ್ ಹಿಡಿದುಕೊಂಡು ಬರುತ್ತಾರೆ. ಅದರಲ್ಲಿ ಜಾಸ್ತಿ ಏನೂ ಸಿಗುವುದಿಲ್ಲ. ಮುಂದೆ ವಿಜ್ಞಾನ, ಎಂಜಿನಿಯರಿಂಗ್ ಓದುವವರಿಗೆ ಹೆಚ್ಚುಕಡಿಮೆ ಎಲ್ಲ ಕಡೆಯೂ ಕ್ಯಾಲ್ಕುಲಸ್, ವೆಕ್ಟರ್, ಸಂಭವನೀಯತೆ ಇದ್ದೇ ಇರುತ್ತವೆ. ಈ ವಯಸ್ಸಿನವರಿಗೆ ಪಾಠ ಮಾಡುವ ನಾನು ಮೊದಲು ನೋಡುವುದು ಪ್ರಶ್ನೆಪತ್ರಿಕೆ. ತರಗತಿ ಹೇಗೆ ನಡೆಯುತ್ತದೆ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ದಕ್ಷಿಣ ಕೊರಿಯಾದ ಕಾಲೇಜು ಪ್ರವೇಶ ಪರೀಕ್ಷೆ ಸುನುಂಗ್ ತೆಗೆದುಕೊಳ್ಳಿ. ಗಣಿತಕ್ಕೆ 100 ನಿಮಿಷ, 30 ಪ್ರಶ್ನೆ. ಕೆಲವಕ್ಕೆ ಆಯ್ಕೆ ಗುರುತಿಸಬೇಕು, ಉಳಿದವಕ್ಕೆ ಒಂದು ಪೂರ್ಣಾಂಕ ತುಂಬಬೇಕು. ಮುಕ್ಕಾಲು ಲೆಕ್ಕ ಸರಿ ಮಾಡಿ ಕೊನೆಯಲ್ಲಿ ಕೂಡುವುದು ತಪ್ಪಿದರೆ ಸೊನ್ನೆ. ಇಂಥ ಕಡೆ ಮೇಷ್ಟ್ರು ವೇಗವನ್ನೇ ಕಲಿಸುತ್ತಾರೆ, ಬೇರೆ ದಾರಿ ಏನಿದೆ? ಕಷ್ಟದ ಪ್ರಶ್ನೆಗಳು ಟ್ಯೂಷನ್ ಹುಚ್ಚನ್ನು ಎಷ್ಟು ಬೆಳೆಸಿದವೆಂದರೆ, 2023ರಲ್ಲಿ ಸರ್ಕಾರವೇ ಈ ‘ಕಿಲ್ಲರ್ ಪ್ರಶ್ನೆ’ಗಳನ್ನು ಕೈಬಿಡಿ ಎಂದಿತು.

ಪಕ್ಕದ ಜಪಾನಿನಲ್ಲಿ ಎರಡು ಮುಖ. ಜನವರಿಯ ಸಾಮಾನ್ಯ ಪ್ರವೇಶ ಪರೀಕ್ಷೆಯಲ್ಲಿ ಲೆಕ್ಕ ಬಿಡಿಸುವ ದಾರಿಯನ್ನು ಬಹುಪಾಲು ಪತ್ರಿಕೆಯೇ ಹಾಕಿಕೊಡುತ್ತದೆ, ವಿದ್ಯಾರ್ಥಿ ನಡುವಿನ ಅಂಕಿಗಳನ್ನು ಗುರುತಿಸುತ್ತಾನೆ. ಆಮೇಲೆ ವಿಶ್ವವಿದ್ಯಾಲಯಗಳದ್ದೇ ಬೇರೆ ಪರೀಕ್ಷೆ. ಟೋಕಿಯೊ ವಿಶ್ವವಿದ್ಯಾಲಯ ವಿಜ್ಞಾನದವರಿಗೆ 150 ನಿಮಿಷದಲ್ಲಿ ಕೇಳುವುದು ಆರೇ ಪ್ರಶ್ನೆ, ಪ್ರತಿ ಹೆಜ್ಜೆಯನ್ನೂ ಬರೆದು ತೋರಿಸಬೇಕು. 2003ರಲ್ಲಿ ಅಲ್ಲಿ ಒಂದೇ ಸಾಲಿನ ಪ್ರಶ್ನೆ ಬಂದಿತ್ತು: ಪೈ ಬೆಲೆ 3.05ಕ್ಕಿಂತ ಹೆಚ್ಚು ಎಂದು ಸಾಧಿಸಿ.

ಸುಮ್ನೆ ಯೋಚಿಸಿ. ಪೈ ಅಂದರೆ 3.14 ಅಂತ ಚಿಕ್ಕ ಮಕ್ಕಳಿಗೂ ಗೊತ್ತು. ಆದರೆ ಯಾಕೆ? ವೃತ್ತದ ಸುತ್ತಳತೆ ವ್ಯಾಸದ ಎಷ್ಟು ಪಟ್ಟು ಅನ್ನುವುದೇ ಪೈ. ವೃತ್ತದೊಳಗೆ ಸಮ ಷಡ್ಭುಜ ಎಳೆದರೆ ಅದರ ಸುತ್ತಳತೆ ವ್ಯಾಸದ ಸರಿಯಾಗಿ 3 ಪಟ್ಟು. ಸಾಲದು. ಎಂಟು ಬಾಹುಗಳದ್ದು ಎಳೆಯಿರಿ, 3.06 ದಾಟುತ್ತದೆ. ವೃತ್ತದ ಸುತ್ತಳತೆ ಅದಕ್ಕಿಂತಲೂ ಹೆಚ್ಚು, ಅಲ್ವಾ? ಮುಗಿಯಿತು. ಕ್ಯಾಲ್ಕುಲಸ್ ಬೇಡ, ಕಂಠಪಾಠದ ಸೂತ್ರವೂ ಬೇಡ. ಪೈ ಅಂದರೆ ಏನು ಅನ್ನುವುದು ಗೊತ್ತಿದ್ದರೆ ಸಾಕು. ಇಂಥ ಒಂದು ಪ್ರಶ್ನೆ ಬರಬಹುದು ಎಂದು ಗೊತ್ತಾದರೂ ತರಗತಿಯ ಮಾತೇ ಬದಲಾಗುತ್ತದೆ.

ಇಟಲಿಯ ವಿಜ್ಞಾನ ಲಿಚೇಯೊ ಶಾಲೆಗಳ ಕೊನೆಯ ಗಣಿತದ ಲಿಖಿತ ಪರೀಕ್ಷೆಗೆ ಆರು ಗಂಟೆ ಸಮಯ. ನಿಧಾನದ ಮಕ್ಕಳಿಗೆ ಇದು ದೊಡ್ಡ ಉಪಕಾರ ಎಂದೇ ನನ್ನ ಅಭಿಪ್ರಾಯ.

ಗಣಿತವನ್ನೇ ಬಿಡುವ ಅವಕಾಶ ಇರುವ ದೇಶಗಳೂ ಇವೆ. ಫ್ರಾನ್ಸ್ 2019ರಲ್ಲಿ ಶಾಲೆಯ ಸಾಮಾನ್ಯ (ವೃತ್ತಿಪರವಲ್ಲದ) ವಿಭಾಗದ ಕೊನೆಯ ಎರಡು ವರ್ಷ ಗಣಿತವನ್ನು ಐಚ್ಛಿಕ ಮಾಡಿತು. ಗಲಾಟೆ ಎದ್ದಿತು. 2023ರಲ್ಲಿ, ಅದನ್ನು ಬಿಟ್ಟವರಿಗೆ ಆ ಎರಡರಲ್ಲಿ ಮೊದಲ ವರ್ಷ ವಾರಕ್ಕೆ ಒಂದೂವರೆ ಗಂಟೆ ಮರಳಿ ತಂದಿತು. ಇಷ್ಟರಿಂದ ಏನಾದೀತು ಅಂತ ನನಗೆ ಅನುಮಾನವೇ.

ಇಂಗ್ಲೆಂಡಿನಲ್ಲಿ 16ನೇ ವಯಸ್ಸಿನ ಪರೀಕ್ಷೆಯಲ್ಲಿ ಪಾಸಾದವರು ಗಣಿತಕ್ಕೆ ವಿದಾಯ ಹೇಳಬಹುದು. ಆಮೇಲಿನ ಎರಡು ವರ್ಷದ ಎ-ಲೆವೆಲ್‌ನಲ್ಲಿ ಮುಂದುವರಿಸುವವರು ಸಾಮಾನ್ಯವಾಗಿ ಒಟ್ಟು ಮೂರೇ ವಿಷಯ ಓದುವುದರಿಂದ ಆಳಕ್ಕೆ ಇಳಿಯುತ್ತಾರೆ. ಅಲ್ಲಿನ ಎಷ್ಟೋ ಪ್ರಶ್ನೆಗಳಲ್ಲಿ ಉತ್ತರವನ್ನು ಮೊದಲೇ ಕೊಟ್ಟು, ಅದು ಹೇಗೆ ಬಂತು ತೋರಿಸಿ ಅನ್ನುತ್ತಾರೆ. ಅಂಕ ಹೆಜ್ಜೆಗಳಿಗೆ. 2017ರಿಂದ ಕಲಿಸುತ್ತಿರುವ ಹೊಸ ಪಠ್ಯದಲ್ಲಿ ಎಲ್ಲ ಪತ್ರಿಕೆಗೂ ಕ್ಯಾಲ್ಕುಲೇಟರ್ ಒಯ್ಯಬಹುದು. ಸಮೀಕರಣವನ್ನು ಅದೇ ಬಿಡಿಸಿಬಿಡುತ್ತದೆ. ಹಾಗಾಗಿ ಕೆಲವು ಪ್ರಶ್ನೆಗಳ ಮೇಲೆ, ಬರೀ ಕ್ಯಾಲ್ಕುಲೇಟರ್ ನಂಬಿ ಬರೆದ ಉತ್ತರ ಒಪ್ಪುವುದಿಲ್ಲ ಎಂದು ಅಚ್ಚು ಹಾಕಿರುತ್ತಾರೆ.