ಅಬರ್ಡೀನ್–ಬರ್ಗೆನ್: ದೂರ ಒಂದು, ಹೊತ್ತು ಹಲವು

ಸ್ಕಾಟ್ಲೆಂಡಿನ ಅಬರ್ಡೀನ್ ಮತ್ತು ನಾರ್ವೆಯ ಬರ್ಗೆನ್ ನಗರಗಳ ನಡುವೆ ಉತ್ತರ ಸಮುದ್ರವಿದೆ. ಆ ಸಮುದ್ರದಡಿಯ ತೈಲ ಮತ್ತು ಅನಿಲದ ಉದ್ಯಮವೇ ಎರಡು ನಗರಗಳನ್ನೂ ಹತ್ತಿರಕ್ಕೆ ತಂದಿದೆ. ಅವುಗಳ ವಿಮಾನ ನಿಲ್ದಾಣಗಳ ನಡುವಿನ ದೂರ ಸುಮಾರು 550 ಕಿ.ಮೀ. ಇದು ಭೂಮಿಯ ಮೇಲ್ಮೈಯಲ್ಲಿ ಎಳೆಯಬಹುದಾದ ಅತಿ ಚಿಕ್ಕ ದಾರಿಯ, ಅಂದರೆ ಮಹಾವೃತ್ತದ ಚಾಪದ ಉದ್ದ.

ಎರಡು ನಿಲ್ದಾಣಗಳ ರೇಖಾಂಶಗಳ ಅಂತರ 7.4 ಡಿಗ್ರಿ. ಸಮಭಾಜಕ ವೃತ್ತದಲ್ಲಾದರೆ ಇಷ್ಟು ಅಂತರಕ್ಕೆ 820 ಕಿ.ಮೀ.ಗೂ ಹೆಚ್ಚು ದೂರವಾಗುತ್ತಿತ್ತು. ಧ್ರುವದ ಕಡೆಗೆ ಸಾಗಿದಂತೆ ರೇಖಾಂಶಗಳು ಒಂದನ್ನೊಂದು ಸಮೀಪಿಸುವುದರಿಂದ, 60 ಡಿಗ್ರಿ ಅಕ್ಷಾಂಶದ ಹೊತ್ತಿಗೆ ಆ ದೂರ ಅರ್ಧಕ್ಕಿಳಿಯುತ್ತದೆ. ಇದೇ ಕಾರಣದಿಂದ, ಅತಿ ಚಿಕ್ಕ ದಾರಿಯನ್ನು ಹಿಡಿದು ಎಲ್ಲಿಯೂ ತಿರುಗದೆ ನೇರವಾಗಿ ಸಾಗಿದರೂ, ಉತ್ತರದಿಂದ ಪೂರ್ವಕ್ಕೆ ಅಳೆದ ದಿಕ್ಕು ಹೊರಡುವಾಗ ಸುಮಾರು 48 ಡಿಗ್ರಿ ಇದ್ದದ್ದು ತಲುಪುವಾಗ 54 ಡಿಗ್ರಿಯಾಗಿರುತ್ತದೆ.

ಗಂಟೆಗೆ 500 ಕಿ.ಮೀ. ವೇಗದ ಟರ್ಬೊಪ್ರಾಪ್ ವಿಮಾನಕ್ಕೆ 550 ಕಿ.ಮೀ. ದೂರವೆಂದರೆ 66 ನಿಮಿಷಗಳ ಹಾದಿ; ಆದರೆ ವಾಸ್ತವ ಇಷ್ಟು ಸರಳವಲ್ಲ. ಎರಡೂ ಕಡೆಯ ಪ್ರಮುಖ ರನ್‌ವೇಗಳು ಹೆಚ್ಚುಕಡಿಮೆ ಉತ್ತರ–ದಕ್ಷಿಣವಾಗಿವೆ, ಹೋಗಬೇಕಾದದ್ದು ಈಶಾನ್ಯಕ್ಕೆ. ವಿಮಾನ ಸಾಧ್ಯವಾದಷ್ಟು ಎದುರುಗಾಳಿಯಲ್ಲೇ ಏರಿ ಇಳಿಯಬೇಕಾದ್ದರಿಂದ, ದಕ್ಷಿಣದ ಗಾಳಿ ಬೀಸುವ ದಿನ ಅಬರ್ಡೀನಿನಲ್ಲಿ ಮೊದಲು ದಕ್ಷಿಣಕ್ಕೆ ಹಾರಿ ಆಮೇಲೆ ತಿರುಗಿಕೊಳ್ಳಬೇಕಾಗುತ್ತದೆ. ಏರುವಾಗಿನ ವೇಗವೂ ಕಡಿಮೆ. ಏಳು ಸಾವಿರ ಮೀಟರ್ ಎತ್ತರದಿಂದ ವಾಡಿಕೆಯ ಮೂರು ಡಿಗ್ರಿ ಇಳಿಜಾರಿನಲ್ಲಿ ಕೆಳಗಿಳಿಯಲು ಸುಮಾರು 135 ಕಿ.ಮೀ., ಎಂದರೆ ಇಡೀ ದಾರಿಯ ಕಾಲು ಭಾಗ ಬೇಕು. ವೇಳಾಪಟ್ಟಿ ತೋರಿಸುವುದಾದರೋ ಹಾರಾಟದ ಹೊತ್ತನ್ನಷ್ಟೇ ಅಲ್ಲ, ವಿಮಾನ ನಿಂತ ಜಾಗದಿಂದ ಕದಲಿ ಇನ್ನೊಂದೆಡೆ ಮತ್ತೆ ನಿಲ್ಲುವವರೆಗಿನ ಪೂರ್ತಿ ಅವಧಿಯನ್ನು. ಆದ್ದರಿಂದ ದೂರ ಅರ್ಧವಾದರೆ ಹೊತ್ತು ಅರ್ಧವಾಗುವುದಿಲ್ಲ.

ಈ ಲೆಕ್ಕದಲ್ಲಿ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಗಾಳಿಯ ಪಾತ್ರ. ಈ ಅಕ್ಷಾಂಶಗಳಲ್ಲಿ ಮೇಲಿನ ಗಾಳಿ ಬಹುಪಾಲು ಪಶ್ಚಿಮದಿಂದ ಬೀಸುತ್ತದೆ. ದಾರಿಯುದ್ದಕ್ಕೂ ಗಂಟೆಗೆ 80 ಕಿ.ಮೀ. ನೆರವು ಸಿಕ್ಕಿತೆಂದುಕೊಂಡರೆ ಬರ್ಗೆನ್‌ಗೆ 57 ನಿಮಿಷ ಸಾಕು. ಅದೇ ಗಾಳಿಯನ್ನು ಎದುರಿಸಿ ಮರಳಲು 79 ನಿಮಿಷ ಬೇಕು. ಹೋಗುವಾಗ ಗಳಿಸಿದ್ದು ಬರುವಾಗ ಕಳೆದು ಸರಿಹೋಗುತ್ತದೆ ಎಂದು ಸಾಮಾನ್ಯವಾಗಿ ಎಣಿಸುತ್ತೇವೆ. ಆದರೆ ಒಟ್ಟು ಹೊತ್ತು ಗಾಳಿಯಿಲ್ಲದ ದಿನದ 132 ನಿಮಿಷಗಳಿಗಿಂತ ಸುಮಾರು ನಾಲ್ಕು ನಿಮಿಷ ಹೆಚ್ಚೇ ಆಗುತ್ತದೆ, ಏಕೆಂದರೆ ವಿಮಾನವು ಎದುರುಗಾಳಿಯಲ್ಲಿ ಕಳೆಯುವ ಸಮಯ ಹಿಂಗಾಳಿಯಲ್ಲಿ ಕಳೆಯುವುದಕ್ಕಿಂತ ದೀರ್ಘ. ಗಾಳಿ ಯಾವ ದಿಕ್ಕಿನದಾದರೂ, ಹೋಗಿಬರುವ ಪಯಣದುದ್ದಕ್ಕೂ ಬದಲಾಗದೆ ಬೀಸಿದರೆ ನಷ್ಟವೇ.

ಗಡಿಯಾರಗಳ ಕಥೆ ಬೇರೆ. ನಾರ್ವೆಯ ಗಡಿಯಾರ ವರ್ಷವಿಡೀ ಬ್ರಿಟನ್ನಿನದಕ್ಕಿಂತ ಒಂದು ಗಂಟೆ ಮುಂದಿರುವುದರಿಂದ, ಸ್ಥಳೀಯ ಸಮಯವನ್ನಷ್ಟೇ ಓದಿದರೆ ಹೋಗುವ ಪಯಣ ಎರಡು ಗಂಟೆಯದೆಂದೂ ಬರುವ ಪಯಣ ಕೆಲವೇ ನಿಮಿಷಗಳದೆಂದೂ ತೋರುತ್ತದೆ. ಆದರೆ 7.4 ಡಿಗ್ರಿ ಅಂತರಕ್ಕೆ ಸೂರ್ಯನು ನೆತ್ತಿಗೇರುವ ಹೊತ್ತಿನಲ್ಲಾಗುವ ವ್ಯತ್ಯಾಸ ಸುಮಾರು ಅರ್ಧ ಗಂಟೆ ಮಾತ್ರ. ಉಳಿದ ಅರ್ಧ ಗಂಟೆ ದೇಶಗಳು ತಮ್ಮ ಅನುಕೂಲಕ್ಕೆ ಗೊತ್ತುಮಾಡಿಕೊಂಡದ್ದು.